ಹದ್ದಿನ ಮರಿಯನ್ನು ಹದ್ದಾಗಿಯೇ ಬೆಳೆಸುವುದು

ಬೆಂಗಳೂರಿನ ಹದ್ದುಗಳು ಡಿಸೆಂಬರ್ ಕೊನೆಯ ಹೊತ್ತಿಗೆ ಗೂಡಿಗಾಗಿ ಕಡ್ಡಿ ಹೊರಲು ತೊಡಗುತ್ತವೆ. ಮಳೆಮರ, ಸಿಲ್ವರ್ ಓಕ್, ನೀಲಗಿರಿ, ತೆಂಗು, ಇವು ಸಿಗದ ಬಡಾವಣೆಗಳಲ್ಲಿ ಮೊಬೈಲ್ ಗೋಪುರ, ಹೀಗೆ ಎತ್ತರವಿದ್ದು ಸುತ್ತಲೂ ಕಣ್ಣು ಹಾಯಿಸಲು ಆಗುವ ಯಾವ ಜಾಗವಾದರೂ ಅವುಗಳಿಗೆ ಆದೀತು. ಎರಡೋ ಮೂರೋ ಮೊಟ್ಟೆ, ಸುಮಾರು ಒಂದು ತಿಂಗಳ ಕಾವು, ಆಮೇಲೆ ಮರಿಯ ರೆಕ್ಕೆ ಬಲಿತು ಗೂಡು ಬಿಡಲು ಇನ್ನೂ ಆರೇಳು ವಾರ. ಹೀಗಾಗಿ ಮರಿಗಳು ಇನ್ನೂ ಹಾರಲಾರದೆ ಗೂಡಿನಲ್ಲಿರುವ ದಿನಗಳು ಯುಗಾದಿಯ ಹಿಂದುಮುಂದಿನ ಗಾಳಿಮಳೆಗೆ, ಮುಂಗಾರಿಗೆ ಮುಂಚೆ ರಸ್ತೆಬದಿಯ ಕೊಂಬೆ ಸವರುವ ಕೆಲಸಕ್ಕೆ, ಶಾಲೆಗಳ ರಜೆಯಲ್ಲಿ ಆಕಾಶಕ್ಕೇರುವ ಗಾಳಿಪಟಗಳಿಗೆ ಸರಿಯಾಗಿ ಸಿಕ್ಕಿಕೊಳ್ಳುತ್ತವೆ. ನಗರದಂಚಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ನಡೆಯುವ ಒಂದು ವನ್ಯಜೀವಿ ಪುನರ್ವಸತಿ ಕೇಂದ್ರದಲ್ಲಿ ನಾನು ಸ್ವಯಂಸೇವೆ ಮಾಡುತ್ತೇನೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ ನಮ್ಮಲ್ಲಿಗೆ ಬರುವ ಕರೆಗಳಲ್ಲಿ ಹೆಚ್ಚಿನವು ಮರಿಗಳ ವಿಷಯದವೇ ಆಗಿರುತ್ತವೆ. ಜಯನಗರದ ಒಂದು ಮಳೆಮರದಿಂದ ಬಂದ ಎರಡು ಹದ್ದಿನ ಮರಿಗಳನ್ನು ಬೆಳೆಸಿ ಬಿಟ್ಟ ಕೆಲಸ ಹೇಗೆ ನಡೆಯಿತೆಂಬುದನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ.

ಕರೆ ಬಂದಾಗ ಕೇಂದ್ರದವರು ಮೊದಲು ಕೇಳುವುದು ಮರಿ ಎಲ್ಲಿದೆ ಎಂದಲ್ಲ, ಅದರ ಮೈಮೇಲೆ ಏನಿದೆ ಎಂದು. ಬರಿಯ ತುಪ್ಪುಳವಿದ್ದರೆ ಅದು ಗೂಡಿನಿಂದ ಬಿದ್ದ ಮರಿ. ಗರಿ ಪೂರ್ತಿ ಮೂಡಿ, ಎದೆಯ ಮೇಲೆ ತಿಳಿಬಣ್ಣದ ಗೆರೆಗಳು ಕಾಣುತ್ತಿದ್ದು, ಬಾಲ ಮಾತ್ರ ಇನ್ನೂ ಗಿಡ್ಡವಾಗಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ಅಂತಹ ಮರಿ ಕೆಳಗಿನ ಕೊಂಬೆಯಲ್ಲೋ ಕಾಂಪೌಂಡಿನ ಮೇಲೋ ಅರ್ಧ ದಿನ ಕುಳಿತಿರುವುದು ಸಹಜ, ತಂದೆತಾಯಿ ಅಲ್ಲಿಗೇ ಬಂದು ಉಣಿಸುತ್ತವೆ. ನಾಯಿ, ಬೆಕ್ಕು, ವಾಹನಗಳ ಅಪಾಯವಿದ್ದರೆ ಹತ್ತಿರದ ಎತ್ತರದ ಜಾಗಕ್ಕೆ ಅದನ್ನು ಏರಿಸಿ ದೂರ ಸರಿದರೆ ಸಾಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿಹಕ್ಕಿ ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಬಲವಾಗಿ ಬೇರೂರಿದೆ, ಅದು ನಿಜವಲ್ಲ. ಹದ್ದು ತನ್ನ ಮರಿಯನ್ನು ಗುರುತಿಸುವುದು ಜಾಗದಿಂದ, ಕೂಗಿನಿಂದ, ಮರಿ ಬಾಯಿ ತೆರೆದು ಬೇಡುವ ರೀತಿಯಿಂದ. ಮಲ್ಲೇಶ್ವರದಲ್ಲಿ ಒಮ್ಮೆ ಗೂಡಿನ ಅರ್ಧ ಭಾಗ ಕುಸಿದು ಕೆಳಗೆ ಬಿದ್ದಿದ್ದ ಮರಿಯೊಂದನ್ನು, ತಳದಲ್ಲಿ ನೀರು ಹರಿದುಹೋಗಲು ತೂತುಗಳಿದ್ದ ಬಿದಿರಿನ ಬುಟ್ಟಿಯಲ್ಲಿ ಹಳೆಯ ಗೂಡಿನ ಕಡ್ಡಿಗಳನ್ನೇ ಹಾಸಿ ಕೂರಿಸಿ, ಅದೇ ಮರದ ಗಟ್ಟಿಯಾದ ಕವಲಿಗೆ ಕಟ್ಟಿದೆವು. ಮರವೇರಿದವರು ಹೆಲ್ಮೆಟ್ ಹಾಕಿದ್ದರು. ಅದು ಬೇಕಾಗಿಯೂ ಬಂತು, ಏಕೆಂದರೆ ಗೂಡಿನ ಬಳಿ ಯಾರೇ ಸುಳಿದರೂ ತಾಯಿಹದ್ದು ಹಿಂದಿನಿಂದ ಬಂದು ತಲೆಗೆ ಎರಗುತ್ತದೆ. ಸಂಜೆಯೊಳಗೆ ಅದೇ ತಾಯಿ ಬುಟ್ಟಿಯ ಅಂಚಿನಲ್ಲಿ ಕುಳಿತು ಮಾಂಸ ಹರಿದು ಕೊಡುವುದನ್ನು ಎದುರಿನ ತಾರಸಿಯಿಂದ ದುರ್ಬೀನಿನಲ್ಲಿ ನೋಡಿದೆವು. ನಾವು ಎಷ್ಟೇ ಶ್ರಮಪಟ್ಟರೂ ಆ ತಾಯಿ ಕಲಿಸುವುದರ ಕಾಲುಭಾಗವನ್ನೂ ಕಲಿಸಲಾರೆವು. ಆದ್ದರಿಂದ ಗೂಡಿಗೆ ಮರಳಿಸುವ ದಾರಿ ಇರುವಷ್ಟು ಹೊತ್ತು ಮರಿಯನ್ನು ಕೇಂದ್ರಕ್ಕೆ ತರುವ ಮಾತೇ ಬರುವುದಿಲ್ಲ.

ಜಯನಗರದ ಮರಿಗಳ ಸಂಗತಿ ಹಾಗಿರಲಿಲ್ಲ. ಹಿಂದಿನ ರಾತ್ರಿಯ ಗಾಳಿಗೆ ಮಳೆಮರದ ದೊಡ್ಡ ಕೊಂಬೆ ಮುರಿದು, ಗೂಡು ಸಮೇತ ರಸ್ತೆಗೆ ಬಿದ್ದಿತ್ತು. ಮೂರು ಮರಿಗಳಲ್ಲಿ ಒಂದು ಸತ್ತಿತ್ತು. ಉಳಿದೆರಡನ್ನು ಅಲ್ಲಿನ ಕಾವಲುಗಾರರೊಬ್ಬರು ಗೋಣಿಚೀಲದ ಮೇಲೆ ನೆರಳಿನಲ್ಲಿ ಇರಿಸಿದ್ದರು. ಮರದ ನೆತ್ತಿಯ ಕಡೆಗೆ ಕತ್ತೆತ್ತಿದಾಗ ತಾಯಿಹಕ್ಕಿ ಮರಿಗಳ ಬಳಿ ಇಲ್ಲದ ಕಾರಣ ಕಂಡಿತು. ದೊಡ್ಡ ಹದ್ದೊಂದು ಗಾಜಿನ ಪುಡಿ ಲೇಪಿಸಿದ ಗಾಳಿಪಟದ ದಾರಕ್ಕೆ ರೆಕ್ಕೆ ಸಿಕ್ಕಿ, ತಲೆ ಕೆಳಗಾಗಿ ನೇತಾಡುತ್ತಿತ್ತು, ಸತ್ತು ಎರಡು ದಿನವಾದರೂ ಆಗಿರಬೇಕು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ದೇಶದಾದ್ಯಂತ ನಿಷೇಧಿಸಿದೆ. ಆದರೂ ಆ ದಾರ ಮರಗಳಿಂದ ಹೋಗಿಲ್ಲ, ಒಮ್ಮೆ ಸಿಕ್ಕಿಕೊಂಡದ್ದು ಬಿಸಿಲುಮಳೆಗೆ ಕೊಳೆಯದೆ ವರ್ಷಗಟ್ಟಲೆ ಅಲ್ಲಿಯೇ ಇರುತ್ತದೆ. ದೆಹಲಿಯ ವಜೀರಾಬಾದಿನಲ್ಲಿ ನದೀಮ್ ಶಹಜಾದ್ ಮತ್ತು ಮೊಹಮ್ಮದ್ ಸೌದ್ ಎಂಬ ಸಹೋದರರು ವರ್ಷಗಳಿಂದ ಗಾಯಗೊಂಡ ಹದ್ದುಗಳನ್ನು ಉಪಚರಿಸುತ್ತಿದ್ದಾರೆ. ಅವರಲ್ಲಿಗೆ ಬರುವ ಹಕ್ಕಿಗಳಲ್ಲಿ ಬಹುಪಾಲಿನ ಗಾಯಕ್ಕೆ ಇದೇ ದಾರ ಕಾರಣ.

ಗಂಡು ಹದ್ದು ಇನ್ನೂ ಮೇಲೆ ಸುತ್ತುತ್ತ ಸಿಳ್ಳೆಯಂತೆ ಎಳೆದು ಕೂಗುತ್ತಿತ್ತು. ಅದೊಂದೇ ಮರಿಗಳನ್ನು ಸಾಕಬಹುದೇ ಎಂಬ ಪ್ರಶ್ನೆಯನ್ನು ಕೇಂದ್ರದ ಪಶುವೈದ್ಯರು ಗಂಭೀರವಾಗಿಯೇ ಪರಿಗಣಿಸಿದರು. ಆದರೆ ಮರಿಗಳಿಗೆ ಮೂರು ವಾರವೂ ತುಂಬಿರಲಿಲ್ಲ. ತಿಳಿಕಂದು ತುಪ್ಪುಳದ ನಡುವೆ ರೆಕ್ಕೆಯ ಗರಿಗಳ ನಳಿಗೆಗಳು ಆಗಷ್ಟೇ ಚುಚ್ಚಿಕೊಂಡು ಹೊರಬರುತ್ತಿದ್ದವು. ಈ ವಯಸ್ಸಿನಲ್ಲಿ ಆಹಾರ ತಂದುಹಾಕುವ ಕೆಲಸ ಹೆಚ್ಚಾಗಿ ಗಂಡಿನದು, ಅದನ್ನು ಸಿಗಿದು ತುಣುಕು ಮಾಡಿ ಬಾಯಿಗಿಡುವ, ರಾತ್ರಿ ಮೈಕೆಳಗೆ ಇಟ್ಟು ಬೆಚ್ಚಗಿಡುವ ಕೆಲಸ ಹೆಚ್ಚಾಗಿ ಹೆಣ್ಣಿನದು. ಗೂಡಿನ ತುಂಬ ಆಹಾರ ಬಿದ್ದಿದ್ದರೂ ಅದನ್ನು ಹರಿದು ತಿನ್ನಲಾಗದೆ ಮರಿಗಳು ಹಸಿದು ಸಾಯಬಹುದು. ಜೊತೆಗೆ ಎರಡರಲ್ಲಿ ಚಿಕ್ಕದರ ಕಾಲಿಗೆ ಗೂಡಿನದೇ ಪ್ಲಾಸ್ಟಿಕ್ ಹುರಿಯೊಂದು ಬಿಗಿಯಾಗಿ ಸುತ್ತಿಕೊಂಡು, ಪಾದ ಊದಿ ಬಣ್ಣಗೆಟ್ಟಿತ್ತು. ಕೇಂದ್ರಕ್ಕೆ ಒಯ್ಯುವುದೆಂದು ಅಲ್ಲಿಯೇ ತೀರ್ಮಾನವಾಯಿತು.

ಕೆಳಗೆ ಬಿದ್ದಿದ್ದ ಗೂಡನ್ನು ಬಿಡಿಸಿ ನೋಡುವುದು ನನಗೆ ಅಭ್ಯಾಸ. ಕಡ್ಡಿಗಳ ನಡುವೆ ಹಳೆಯ ಬಟ್ಟೆಯ ಚೂರು, ತಂತಿ, ಹಗ್ಗ, ಹರಿದ ಮಾಂಜಾ, ಬಿಳಿಯ ಕ್ಯಾರಿಬ್ಯಾಗುಗಳು ಇದ್ದವು. ಹದ್ದು ಇವನ್ನು ಬರಿಯ ಮೆತ್ತೆಗಾಗಿ ತರುವುದಿಲ್ಲ. ಸ್ಪೇನಿನ ಡೊನ್ಯಾನಾದ ಹದ್ದುಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಳಿಯ ಪ್ಲಾಸ್ಟಿಕ್‌ನಿಂದ ಗೂಡನ್ನು ಹೆಚ್ಚು ಅಲಂಕರಿಸುವ ಜೋಡಿಗಳು ಕಸುವಿನಲ್ಲಿಯೂ ಮುಂದಿರುತ್ತವೆ, ಆ ಬಿಳುಪು ಬೇರೆ ಹದ್ದುಗಳಿಗೆ ಇತ್ತ ಬರಬೇಡಿ ಎಂಬ ಎಚ್ಚರಿಕೆ ಎಂದು ತೋರಿಸಿತು. ತಂದೆತಾಯಿಯ ಸಾಮರ್ಥ್ಯ ಸಾರುವ ಆ ವಸ್ತುಗಳೇ ನಗರದಲ್ಲಿ ಮರಿಯ ಕಾಲಿಗೆ ಉರುಳಾಗುತ್ತವೆ ಎಂಬುದು ಈ ಕೆಲಸದಲ್ಲಿ ನನ್ನನ್ನು ಬಹಳ ಕಾಡುವ ಸಂಗತಿಗಳಲ್ಲಿ ಒಂದು.

ಮರಿಗಳನ್ನು ಎತ್ತುವಾಗ ದಪ್ಪ ಟವೆಲ್ಲಿನಿಂದ ತಲೆ ಮತ್ತು ರೆಕ್ಕೆಗಳನ್ನು ಮುಚ್ಚಿ, ಎರಡೂ ಕಾಲುಗಳನ್ನು ಮೊದಲು ಹಿಡಿತಕ್ಕೆ ತೆಗೆದುಕೊಳ್ಳಬೇಕು. ಕೊಕ್ಕಿಗಿಂತ ಉಗುರುಗಳ ಅಪಾಯವೇ ಹೆಚ್ಚು, ಅದು ಮೂರು ವಾರದ ಮರಿಯ ವಿಷಯದಲ್ಲೂ ನಿಜ. ಗಾಳಿಯಾಡಲು ತೂತುಗಳಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಟವೆಲನ್ನು ಉಂಗುರದಂತೆ ಸುತ್ತಿ, ಅದರ ನಡುವೆ ಮರಿಗಳನ್ನು ಕೂರಿಸಿದೆವು. ನುಣುಪಾದ ತಳದ ಮೇಲೆ ಕೂರಿಸಿದರೆ ಎಳೆಯ ಕಾಲುಗಳು ಎರಡೂ ಬದಿಗೆ ಜಾರಿ, ಕೆಲವೇ ದಿನಗಳಲ್ಲಿ ಹಾಗೆಯೇ ಸೊಟ್ಟಗಾಗಿಬಿಡುತ್ತವೆ. ಅಲ್ಲಿ ನೆರೆದಿದ್ದವರಲ್ಲಿ ಒಬ್ಬರು ಪ್ರೀತಿಯಿಂದ ಹಾಲು ತಂದಿದ್ದರು, ಇನ್ನೊಬ್ಬರು ಪಿಚಕಾರಿಯಲ್ಲಿ ನೀರು ಕುಡಿಸಲು ಸಿದ್ಧರಾಗಿದ್ದರು. ಎರಡನ್ನೂ ಬೇಡವೆಂದು ವಿನಯದಿಂದ ತಡೆಯಬೇಕಾಯಿತು. ಹಾಲಿನ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಹಕ್ಕಿಗಳಿಗಿಲ್ಲ. ಅವುಗಳ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲಿಯೇ ತೆರೆದಿರುವುದರಿಂದ, ಕೊಕ್ಕಿಗೆ ಸುರಿದ ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ಹೀಗೆ ನೀರು ಕುಡಿಸಿದ್ದರಿಂದಲೇ ಸತ್ತ ಮರಿಗಳನ್ನು ನಾನು ನೋಡಿದ್ದೇನೆ. ಕುಡಿಸಿದವರ ಕರುಣೆಯ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ, ಅದಕ್ಕಾಗಿಯೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಕಾನೂನಿನ ಮಾತನ್ನೂ ಇಲ್ಲಿ ಸೇರಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದ್ದಿನಂತಹ ಸಂರಕ್ಷಿತ ಹಕ್ಕಿ ಯಾವ ರೀತಿಯಲ್ಲಿ ಕೈಸೇರಿದರೂ ಅದು ಸರ್ಕಾರದ ಸೊತ್ತು. 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಯ ಅಧಿಕಾರಿಗೋ ತಿಳಿಸಬೇಕು. ಮನೆಯಲ್ಲಿ ಇಟ್ಟುಕೊಂಡು ಸಾಕುವಂತಿಲ್ಲ. ಬೆಂಗಳೂರಿನವರಿಗೆ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯಂತಹ ಅನುಮತಿ ಪಡೆದ ಸ್ಥಳಗಳಿವೆ.

ಕೇಂದ್ರಕ್ಕೆ ಬಂದ ಮೇಲೆ ಮೊದಲ ಕೆಲಸ ಊಟವಲ್ಲ, ಬಿಸಿ. ಹಕ್ಕಿಯ ಸಹಜ ದೇಹತಾಪ ಸುಮಾರು 40 ಡಿಗ್ರಿ ಸೆಲ್ಸಿಯಸ್. ರಾತ್ರಿಯಿಡೀ ಮಳೆಯಲ್ಲಿ ನೆನೆದ ಮರಿಯ ಮೈ ತಣ್ಣಗಾಗಿ, ಕರುಳು ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸಿರುತ್ತದೆ. ಆ ಸ್ಥಿತಿಯಲ್ಲಿ ಮಾಂಸ ತಿನ್ನಿಸಿದರೆ ಅದು ಗಂಟಲ ಬುಡದ ಮೇವುಚೀಲದಲ್ಲಿಯೇ ಕುಳಿತು ಕೊಳೆತು ನಂಜಾಗುತ್ತದೆ. ಪೆಟ್ಟಿಗೆಯ ಅರ್ಧ ಭಾಗದ ಕೆಳಗೆ ಮಾತ್ರ ಬಿಸಿಯ ಪ್ಯಾಡ್ ಇಟ್ಟೆವು, ಸೆಕೆ ಎನಿಸಿದರೆ ಮರಿ ಇನ್ನೊಂದು ಬದಿಗೆ ಸರಿದುಕೊಳ್ಳಬೇಕಲ್ಲ. ಮೈ ಬೆಚ್ಚಗಾದ ಮೇಲೆ ವೈದ್ಯರು ದೇಹತೂಕದ ಶೇ. 5ರಷ್ಟು ದ್ರವವನ್ನು ಮೈಬಿಸಿಗೆ ತಂದು ಚರ್ಮದಡಿಗೆ ಸೇರಿಸಿದರು. ಆಮೇಲೆ ಬಾಯಿಯೊಳಗೆ ಹಳದಿ ಪೊರೆಯಿದೆಯೇ, ಕಿವಿಯಲ್ಲಿ ನೊಣದ ಮೊಟ್ಟೆಗಳಿವೆಯೇ, ಎಲುಬುಗಳು ಸರಿಯಿವೆಯೇ ಎಂದು ಒಂದೊಂದಾಗಿ ನೋಡಲಾಯಿತು. ಕಾಲಿಗೆ ಸುತ್ತಿದ್ದ ಹುರಿಯನ್ನು ಭೂತಗನ್ನಡಿಯಡಿ ಎಳೆಯೆಳೆಯಾಗಿ ಕತ್ತರಿಸಿ ತೆಗೆದರು. ನೋವಿಗೆ ಕೊಟ್ಟದ್ದು ಮೆಲೋಕ್ಸಿಕಾಮ್. ಭಾರತದ ರಣಹದ್ದುಗಳನ್ನು ಅಳಿವಿನಂಚಿಗೆ ತಂದ ನೋವುನಿವಾರಕ ಡೈಕ್ಲೋಫೆನಾಕ್‌ನ ಪಶುವೈದ್ಯಕೀಯ ಬಳಕೆಯನ್ನು 2006ರಲ್ಲಿ ನಿಷೇಧಿಸಿದಾಗ ಅದಕ್ಕೆ ಬದಲಾಗಿ ಸುರಕ್ಷಿತವೆಂದು ಸೂಚಿಸಿದ ಔಷಧವೇ ಇದು.

ಊಟದ ವಿಷಯದಲ್ಲಿ ನಿಧಾನವಾಗಿ ಹೇಳುವುದು ಬಹಳವಿದೆ, ಏಕೆಂದರೆ ಬೇಟೆಹಕ್ಕಿಯ ಮರಿಗಳು ಮನುಷ್ಯರ ಕೈಯಲ್ಲಿ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಹದ್ದು ಮಾಂಸ ತಿನ್ನುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದು ತಿನ್ನುವುದು ಇಡೀ ಪ್ರಾಣಿಯನ್ನು, ಎಲುಬು, ಕರುಳು, ಚರ್ಮ, ತುಪ್ಪಟ ಎಲ್ಲವನ್ನೂ ಸೇರಿಸಿ. ಅಂಗಡಿಯಲ್ಲಿ ಸಿಗುವ ಎಲುಬಿಲ್ಲದ ಕೋಳಿಮಾಂಸದಲ್ಲಿ ಒಂದು ಪಾಲು ಕ್ಯಾಲ್ಸಿಯಂಗೆ ಸುಮಾರು ಇಪ್ಪತ್ತು ಪಾಲು ರಂಜಕವಿರುತ್ತದೆ. ಬೆಳೆಯುವ ಮರಿಗೆ ಬೇಕಾದುದು ರಂಜಕಕ್ಕಿಂತ ಕ್ಯಾಲ್ಸಿಯಂ ಒಂದೂವರೆ ಪಟ್ಟಿನಷ್ಟು ಇರುವ ಆಹಾರ. ಬಹಳ ವೇಗವಾಗಿ ಬೆಳೆಯುವ ಮರಿ ಈ ಕೊರತೆಯನ್ನು ತನ್ನದೇ ಎಲುಬಿನಿಂದ ತುಂಬಿಕೊಳ್ಳುತ್ತದೆ. ಒಂದು ಕುಟುಂಬದವರು ಗಾಳಿಗೆ ಬಿದ್ದ ಮರಿಯೊಂದನ್ನು ಮನೆಗೆ ಒಯ್ದು, ತಮ್ಮ ಊಟಕ್ಕಿಂತ ಹೆಚ್ಚು ಗಮನ ಕೊಟ್ಟು, ಹದವಾಗಿ ಕತ್ತರಿಸಿದ ಎಲುಬಿಲ್ಲದ ಮಾಂಸವನ್ನೇ ತಿನ್ನಿಸಿ ಬೆಳೆಸಿದ್ದರು. ಮರಿ ಮೈತುಂಬಿಕೊಂಡಿತ್ತು, ಕಣ್ಣು ಹೊಳೆಯುತ್ತಿತ್ತು, ಆದರೆ ನಿಲ್ಲಲಾರದೆ ಹೋದಾಗ ನಮ್ಮಲ್ಲಿಗೆ ತಂದರು. ಎಕ್ಸ್-ರೇಯಲ್ಲಿ ಎರಡೂ ಕಾಲುಗಳ ಎಲುಬು ಬಾಗಿ ಮಡಿಸಿಕೊಂಡಿದ್ದವು, ರೆಕ್ಕೆಯ ಎಲುಬು ಎರಡು ಕಡೆ ತಾನಾಗಿ ಮುರಿದಿತ್ತು. ಅದನ್ನು ನೋವಿಲ್ಲದೆ ಕಳುಹಿಸಿಕೊಡುವುದನ್ನು ಬಿಟ್ಟರೆ ವೈದ್ಯರಿಗೆ ಬೇರೆ ದಾರಿ ಇರಲಿಲ್ಲ. ಆ ಮನೆಯ ಮಕ್ಕಳು ಹೊರಗೆ ಕಾಯುತ್ತಿದ್ದರು. ಮರಿ ಸಿಕ್ಕ ಮೊದಲ ದಿನವೇ ಒಂದು ಕರೆ ಮಾಡಿದ್ದರೆ ಅದು ಇಂದು ಹಾರುತ್ತಿತ್ತು ಎಂದು ಅವರಿಗೆ ಹೇಳುವ ಮನಸ್ಸು ನನಗೆ ಬರಲಿಲ್ಲ, ಆದರೆ ಓದುಗರಿಗೆ ಹೇಳಲೇಬೇಕು.

ನಮ್ಮ ಮರಿಗಳಿಗೆ ಹ್ಯಾಚರಿಯಿಂದ ತಂದ ಒಂದು ದಿನದ ಕೋಳಿಮರಿಗಳನ್ನೂ ಸಾಕಿದ ಕ್ವೇಲ್ ಮತ್ತು ಇಲಿಗಳನ್ನೂ ಎಲುಬು ಸಮೇತ ಸಣ್ಣದಾಗಿ ಕೊಚ್ಚಿ ಕೊಡುತ್ತಿದ್ದೆವು. ಬೀದಿಯಲ್ಲಿ ಹಿಡಿದ ಇಲಿ ಬೇಡ, ಅದು ತಿಂದಿರಬಹುದಾದ ಪಾಷಾಣ ಹದ್ದಿಗೂ ದಾಟುತ್ತದೆ. ಪಾರಿವಾಳವೂ ಬೇಡ, ಅದರ ಗಂಟಲಿನಲ್ಲಿರುವ ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿ ಬೇಟೆಹಕ್ಕಿಯ ಬಾಯಲ್ಲಿ ಹಳದಿ ಗಡ್ಡೆಗಳನ್ನು ಬೆಳೆಸಿ ನುಂಗಲಾಗದಂತೆ ಮಾಡುತ್ತದೆ. ಮೊದಲ ದಿನ ತುಪ್ಪಟ ಮತ್ತು ದೊಡ್ಡ ಎಲುಬು ತೆಗೆದ ಮೆತ್ತನೆಯ ತುಣುಕುಗಳನ್ನು ದ್ರವದಲ್ಲಿ ಅದ್ದಿ ಕೊಟ್ಟೆವು, ಎರಡನೆಯ ದಿನದಿಂದ ಎಲುಬು, ಆಮೇಲೆ ತುಪ್ಪಟ. ಬೆಳಗಿನಿಂದ ಸಂಜೆಯವರೆಗೆ ನಾಲ್ಕೈದು ಬಾರಿ ಊಟ. ಹಿಂದಿನ ಊಟದಿಂದ ಉಬ್ಬಿದ ಮೇವುಚೀಲ ಪೂರ್ತಿ ಇಳಿದಿದೆಯೆಂದು ನೋಡಿಕೊಂಡೇ ಮುಂದಿನದು. ಜೀರ್ಣವಾಗದ ಕೂದಲು ಮತ್ತು ಗರಿಗಳನ್ನು ಹದ್ದು ಉಂಡೆ ಕಟ್ಟಿ ಬಾಯಿಯಿಂದ ಹೊರಹಾಕುತ್ತದೆ. ದೊಡ್ಡ ಮರಿ ಮೊದಲ ಉಂಡೆ ಉಗುಳಿದ ದಿನ ಕೇಂದ್ರದಲ್ಲಿ ಎಲ್ಲರಿಗೂ ಸಮಾಧಾನವಾಯಿತು, ಅದರ ಹೊಟ್ಟೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದಕ್ಕಿಂತ ನಂಬಲರ್ಹವಾದ ಸಾಕ್ಷಿಯಿಲ್ಲ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ, ಬರಿಹೊಟ್ಟೆಯಲ್ಲಿ, ತೂಕ. ಬೆಳಗಿನ ಎಳೆಬಿಸಿಲು ಸ್ವಲ್ಪ ಹೊತ್ತು, ಬಿಸಿಲು ಡಿ ಜೀವಸತ್ವಕ್ಕೆ ನೆರವಾಗುತ್ತದೆ, ಆ ಜೀವಸತ್ವವಿಲ್ಲದೆ ತಿಂದ ಕ್ಯಾಲ್ಸಿಯಂ ಎಲುಬಿಗೆ ಇಳಿಯುವುದಿಲ್ಲ.

ಊಟ ತಪ್ಪಿದ ದಿನಗಳ ಗುರುತು ಗರಿಗಳಲ್ಲಿ ಉಳಿಯುತ್ತದೆ. ಗರಿ ಬೆಳೆಯುವಾಗ ಅದರ ನಳಿಗೆಯಲ್ಲಿ ರಕ್ತ ಹರಿಯುತ್ತಿರುತ್ತದೆ. ಆ ದಿನಗಳಲ್ಲಿ ಮರಿ ಹಸಿದಿದ್ದರೆ ಗರಿಗೆ ಅಡ್ಡಲಾಗಿ ತೆಳುವಾದ ಗೆರೆಯೊಂದು ಮೂಡಿ, ಮುಂದೆ ಎಂದಾದರೂ ಗರಿ ಅಲ್ಲಿಯೇ ಮುರಿಯುತ್ತದೆ. ನಮ್ಮ ಎರಡೂ ಮರಿಗಳ ರೆಕ್ಕೆ ಮತ್ತು ಬಾಲದ ಗರಿಗಳ ತುದಿಯ ಹತ್ತಿರ ಅಂತಹ ಗೆರೆಯಿತ್ತು. ತಾಯಿ ದಾರದಲ್ಲಿ ಸಿಕ್ಕಿ ನೇತಾಡಿದ ಆ ದಿನಗಳದ್ದೇ ಅದು. ತುದಿಯಲ್ಲಿದ್ದುದರಿಂದ ಹಾರಾಟಕ್ಕೆ ತೊಂದರೆಯಾಗಲಿಲ್ಲ.

ಇಷ್ಟೆಲ್ಲ ಮಾಡುವಾಗಲೂ ಮರಿಗಳ ಕಣ್ಣಿಗೆ ನಮ್ಮ ಮುಖ ಬೀಳಬಾರದು. ಎಳೆಯ ಬೇಟೆಹಕ್ಕಿ ತನಗೆ ಉಣಿಸುವವರನ್ನು ನೋಡಿ ತಾನು ಯಾರೆಂಬುದನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಒಮ್ಮೆ ಮನುಷ್ಯನ ಅಚ್ಚು ಬಿದ್ದರೆ ಅದು ಬಹುಮಟ್ಟಿಗೆ ಜೀವನಪರ್ಯಂತ ಅಳಿಯುವುದಿಲ್ಲ. ಅಂತಹ ಹದ್ದು ದೊಡ್ಡದಾದ ಮೇಲೆ ಮನುಷ್ಯರ ಬಳಿಗೇ ಬಂದು ಕೂಗಿ ಬೇಡುತ್ತದೆ, ತನ್ನ ಜಾತಿಯ ಜೊತೆಗಾರನನ್ನು ಗುರುತಿಸುವುದಿಲ್ಲ, ಗೂಡಿನ ಕಾಲದಲ್ಲಿ ಮನುಷ್ಯರ ಮೇಲೆಯೇ ಎರಗಬಹುದು. ಅದನ್ನು ಬಿಡುವಂತೆಯೂ ಇಲ್ಲ, ಪಂಜರದಲ್ಲಿಡುವುದೂ ನ್ಯಾಯವಲ್ಲ. ಆದ್ದರಿಂದ ಮೊದಲ ದಿನಗಳಲ್ಲಿ ನಾವು ತಲೆಯಿಂದ ಮೊಣಕಾಲಿನವರೆಗೆ ಮಾಸಲು ಬಟ್ಟೆ ಹೊದ್ದು, ಹದ್ದಿನ ತಲೆಯ ಆಕಾರದಲ್ಲಿ ಹೊಲಿದ ಕೈಗವಸಿನೊಳಗಿಂದ ಚಿಮಟಿಗೆ ಹೊರಚಾಚಿ, ಪರದೆಯ ಕಿಂಡಿಯಿಂದ ಉಣಿಸುತ್ತಿದ್ದೆವು. ಆ ಕೋಣೆಯಲ್ಲಿ ಮಾತಿಲ್ಲ, ಫೋನ್ ಇಲ್ಲ, ಫೋಟೋ ಇಲ್ಲ, ಹೆಸರಿಡುವುದೂ ಇಲ್ಲ. ದಾಖಲೆ ಪುಸ್ತಕದಲ್ಲಿ ಅವು ಎರಡು ಸಂಖ್ಯೆಗಳು ಮಾತ್ರ. ಹೊಸದಾಗಿ ಬರುವ ಸ್ವಯಂಸೇವಕರಿಗೆ ಇದು ಕಠಿಣವೆನಿಸುತ್ತದೆ. ಮರಿ ಕತ್ತು ಚಾಚಿ ಕೂಗುವಾಗ ಮೃದುವಾಗಿ ಮಾತನಾಡಿಸಬೇಕೆನ್ನುವ ಆಸೆ ನನ್ನಲ್ಲಿಯೂ ಹುಟ್ಟುತ್ತದೆ. ಆದರೆ ಆ ಒಂದು ಮೃದುಮಾತಿನ ಬೆಲೆಯನ್ನು ತೆರುವುದು ನಾನಲ್ಲ, ಮರಿ.

ಕೈಗವಸಿಗಿಂತ ನೂರು ಪಾಲು ಉತ್ತಮವಾದ ಉಪಾಯ ಕೇಂದ್ರದಲ್ಲಿಯೇ ಇತ್ತು. ಮಾಂಜಾದಿಂದ ಒಂದು ರೆಕ್ಕೆಯ ತುದಿ ಕಳೆದುಕೊಂಡು ಇನ್ನು ಹಾರಲಾರದ ಹೆಣ್ಣು ಹದ್ದೊಂದು, ಇಲಾಖೆಯ ಅನುಮತಿಯ ಮೇರೆಗೆ ದೊಡ್ಡ ಪಂಜರದಲ್ಲಿ ನೆಲೆಸಿತ್ತು. ಎಲ್ಲ ಹದ್ದುಗಳೂ ಬೇರೆಯವರ ಮರಿಯನ್ನು ಒಪ್ಪುವುದಿಲ್ಲ, ಕೆಲವು ಕೊಂದೇಬಿಡುತ್ತವೆ. ಆದ್ದರಿಂದ ಮರಿಗಳ ಬುಟ್ಟಿಯನ್ನು ಮೊದಲು ಬಲೆಯ ಆಚೆ, ಅದರ ಕಣ್ಣಿಗೆ ಬೀಳುವಂತೆ ಇರಿಸಿ, ಗೋಡೆಯ ಸಣ್ಣ ರಂಧ್ರದಿಂದ ನೋಡುತ್ತ ಕುಳಿತೆವು. ಮೊದಲ ದಿನ ಅದು ಬುಟ್ಟಿಗೆ ಬೆನ್ನು ಹಾಕಿಯೇ ಕುಳಿತಿತ್ತು. ಎರಡನೆಯ ದಿನ ಮರಿಗಳ ಕೂಗಿಗೆ ತಲೆ ಓರೆ ಮಾಡಿ ಆಲಿಸತೊಡಗಿತು. ಮುಂದಿನ ಬೆಳಿಗ್ಗೆ ನಾವು ಇಟ್ಟಿದ್ದ ಕ್ವೇಲನ್ನು ತಾನು ತಿನ್ನದೆ, ಕಾಲಲ್ಲಿ ಹಿಡಿದು ಕುಪ್ಪಳಿಸುತ್ತ ಬಲೆಯ ಬಳಿಗೆ ತಂದು, ಒಂದು ತುಣುಕು ಹರಿದು ಬಲೆಯ ಕಣ್ಣಿನೊಳಗೆ ತೂರಿಸಲು ನೋಡಿತು. ವೈದ್ಯರು ಇನ್ನೂ ಒಂದು ದಿನ ಕಾಯೋಣವೆಂದರು. ಬಲೆ ತೆಗೆದ ದಿನ ನಮ್ಮಲ್ಲಿ ಒಬ್ಬರು ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅದರ ಅಗತ್ಯ ಬೀಳಲಿಲ್ಲ. ಹದ್ದು ಬುಟ್ಟಿಯ ಅಂಚಿಗೆ ಬಂದು, ಮಾಂಸವನ್ನು ಮರಿಗಳ ಬಾಯಿಗೆ ತಕ್ಕಷ್ಟು ಚಿಕ್ಕದಾಗಿ ಸೀಳಿ, ಕತ್ತು ಬಗ್ಗಿಸಿ, ಕೊಕ್ಕಿನ ಬದಿಯಿಂದ ನಿಧಾನವಾಗಿ ಕೊಟ್ಟಿತು. ದೊಡ್ಡ ಮರಿ ಎರಡು ತುಣುಕು ನುಂಗಿದ ಮೇಲೆ ಚಿಕ್ಕದರ ಕಡೆಗೆ ತಿರುಗಿತು. ನಮ್ಮ ಚಿಮಟಿಗೆಯ ಉಣಿಸುವಿಕೆಯಲ್ಲಿ ದೊಡ್ಡ ಮರಿ ಚಿಕ್ಕದನ್ನು ಕುಕ್ಕಿ ಹಿಂದೆ ತಳ್ಳುವುದನ್ನು ತಡೆಯುವುದೇ ಒಂದು ಕೆಲಸವಾಗಿತ್ತು. ಸಾಕುತಾಯಿ ಬಂದ ಮೇಲೆ ಎರಡಕ್ಕೂ ಹೊಟ್ಟೆ ತುಂಬುವಷ್ಟು ಸಿಗುತ್ತಿದ್ದುದರಿಂದ ಆ ಜಗಳ ತಾನಾಗಿ ಇಳಿಯಿತು.

ಆಮೇಲೆ ನಮ್ಮ ಪಾಲಿಗೆ ಉಳಿದದ್ದು ಸಾಕಷ್ಟು ಆಹಾರವನ್ನು ಕೊಳವೆಯ ಮೂಲಕ ಒಳಗೆ ಜಾರಿಸುವುದು, ಕಸ ತೆಗೆಯುವುದು, ಚಿಕ್ಕ ಮರಿಯ ಪಾದಕ್ಕೆ ಮದ್ದು ಹಚ್ಚುವಾಗ ಮಾತ್ರ ಅದನ್ನು ಕತ್ತಲೆಯಲ್ಲಿ ಎತ್ತಿಕೊಳ್ಳುವುದು. ಹುರಿ ಕೊರೆದಿದ್ದ ಗಾಯ ಮಾಗಿತು, ಆದರೆ ಹಿಂಬೆರಳಿನ ಹಿಡಿತ ಪೂರ್ತಿ ಮರಳಲಿಲ್ಲ. ಬೇಟೆಯಾಡಿಯೇ ಬದುಕಬೇಕಾದ ಬಿಜ್ಜುವಿನಂತಹ ಹಕ್ಕಿಯಾಗಿದ್ದರೆ ಇದು ಬಿಡುಗಡೆಯನ್ನೇ ತಡೆಯುವ ಕೊರತೆ. ಹದ್ದು ಸತ್ತದ್ದನ್ನೂ ಎಸೆದದ್ದನ್ನೂ ಎತ್ತಿಕೊಂಡು ಬದುಕಬಲ್ಲದು, ಶಿವಾಜಿನಗರದ, ಕೆ.ಆರ್. ಮಾರುಕಟ್ಟೆಯ ಮಾಂಸದಂಗಡಿಗಳ ಮೇಲೆ ಸುತ್ತುವ ಗುಂಪುಗಳನ್ನು ನೋಡಿದವರಿಗೆ ಇದು ಗೊತ್ತು. ಹಾರುತ್ತಲೇ ತುಣುಕನ್ನು ಕಾಲಿನಿಂದ ಎತ್ತಿ ಕೊಕ್ಕಿಗೆ ಒಯ್ಯಬಲ್ಲದೇ ಎಂಬುದೊಂದೇ ಅದಕ್ಕಿದ್ದ ಪರೀಕ್ಷೆಯಾಯಿತು.

ಗೂಬೆಗಳ ಮರಿಗಳೂ ಇದೇ ತಿಂಗಳುಗಳಲ್ಲಿ ಬರುತ್ತವೆ. ಅವುಗಳ ಆಹಾರ, ಆರೈಕೆ ಹೆಚ್ಚುಕಡಿಮೆ ಇದೇ ರೀತಿ. ಕಷ್ಟವಿರುವುದು ಜನರೊಂದಿಗೆ. ಗರುಡನ ಮರಿಗೆ ಕೈಮುಗಿದು ಹಾಲನ್ನ ಇಡಲು ಬರುವವರೇ ಗೂಬೆಯ ಮರಿಯನ್ನು ಅಪಶಕುನವೆಂದು ಮಹಡಿಯಿಂದ ಆಚೆ ದೂಡಿಸುತ್ತಾರೆ. ಎರಡೂ ಇಲಿ ತಿನ್ನುವ ಹಕ್ಕಿಗಳು, ಎರಡಕ್ಕೂ ಬೇಕಾದುದು ಪೂಜೆಯೂ ಅಲ್ಲ, ಭಯವೂ ಅಲ್ಲ.

ಏಪ್ರಿಲ್ ಮಧ್ಯದ ಹೊತ್ತಿಗೆ ಮರಿಗಳು ಬುಟ್ಟಿ ಬಿಟ್ಟು ಅಡ್ಡಗೋಲಿಗೆ ಏರಿದವು, ಕೆಲವು ದಿನಗಳ ನಂತರ ಅವನ್ನು ಉದ್ದನೆಯ ಹಾರಾಟದ ಪಂಜರಕ್ಕೆ ದಾಟಿಸಿದೆವು. ಅದರ ಬದಿಗಳಿಗೆ ತಂತಿಜಾಲರಿಯಿಲ್ಲ, ಬಿದಿರಿನ ನೇರ ಗಳಗಳಿವೆ. ಜಾಲರಿಗೆ ಜೋತುಬಿದ್ದರೆ ಗರಿಗಳು ಮುರಿಯುತ್ತವೆ, ಮುರಿದ ಗರಿ ಮುಂದಿನ ವರ್ಷ ಉದುರಿ ಹೊಸದು ಬರುವವರೆಗೆ ಹಾಗೆಯೇ ಇರುತ್ತದೆ. ಗೋಲುಗಳಿಗೆ ಒರಟು ಹುರಿ ಸುತ್ತಿ, ಬೇರೆ ಬೇರೆ ದಪ್ಪದವನ್ನು ಬೇರೆ ಬೇರೆ ಎತ್ತರದಲ್ಲಿ ಕಟ್ಟಿದ್ದೆವು, ಒಂದೇ ನುಣುಪಾದ ಗೋಲಿನ ಮೇಲೆ ಕುಳಿತಿರುವ ಹಕ್ಕಿಯ ಅಂಗಾಲು ಊದಿ ಕೀವುಗಟ್ಟುತ್ತದೆ. ದೊಡ್ಡ ಮರಿ ತಿರುಗುವಾಗ ಬಾಲವನ್ನು ಚುಕ್ಕಾಣಿಯಂತೆ ಓರೆ ಮಾಡುವುದನ್ನು ಬೇಗನೆ ಕಲಿಯಿತು. ಚಿಕ್ಕದು ಇಳಿಯುವಾಗ ಮುಗ್ಗರಿಸುತ್ತಿತ್ತು. ಎತ್ತರದ ಹಲಗೆಯಿಂದ ಮಾಂಸದ ತುಣುಕುಗಳನ್ನು ಬೀಳಿಸಿ ಹಾರುತ್ತ ಹಿಡಿಯುವ ಅಭ್ಯಾಸ ಮಾಡಿಸಿದೆವು. ಹಿಂಬೆರಳಿನ ದುರ್ಬಲತೆಯನ್ನು ಉಳಿದ ಬೆರಳುಗಳಿಂದ ತುಂಬಿಕೊಳ್ಳಲು ಚಿಕ್ಕ ಮರಿ ಕಂಡುಕೊಂಡ ರೀತಿ, ತುಣುಕನ್ನು ಪಕ್ಕದಿಂದ ಬಂದು ಹಿಡಿಯುವುದು, ನಾವು ಯಾರೂ ಕಲಿಸಿದ್ದಲ್ಲ.

ಬಿಡುಗಡೆಯೆಂದರೆ ಪೆಟ್ಟಿಗೆ ತೆರೆದು ಆಕಾಶಕ್ಕೆ ತೂರುವುದಲ್ಲ. ಹಾಗೆ ತೂರಿದ ಎಳೆಯ ಹಕ್ಕಿ ಎರಡು ಮೂರು ದಿನಗಳಲ್ಲಿ ಹಸಿವಿನಿಂದ ನೆಲಕ್ಕಿಳಿಯುತ್ತದೆ, ಏಕೆಂದರೆ ಸಹಜವಾಗಿ ಬೆಳೆದ ಮರಿಗೂ ಗೂಡು ಬಿಟ್ಟ ಮೇಲೆ ಹಲವು ವಾರ ತಂದೆತಾಯಿ ಉಣಿಸುತ್ತಲೇ ಇರುತ್ತವೆ. ಬೇಟೆಗಾಗಿ ಡೇಗೆ (ಫಾಲ್ಕನ್) ಸಾಕುತ್ತಿದ್ದವರ ಹಳೆಯ ಪದ್ಧತಿಯೊಂದು ಇಲ್ಲಿ ನಮಗೆ ನೆರವಾಗುತ್ತದೆ. ಮರಿಯನ್ನು ಎತ್ತರದ ತೆರೆದ ಕಟ್ಟೆಯ ಮೇಲಿನ ಪೆಟ್ಟಿಗೆಯಲ್ಲಿ ಇರಿಸಿ, ಸುತ್ತಲಿನ ನೋಟ ಅಭ್ಯಾಸವಾದ ಮೇಲೆ ಬಾಗಿಲು ತೆರೆದು, ತಾನಾಗಿ ಬರುವುದು ನಿಲ್ಲಿಸುವವರೆಗೂ ಅಲ್ಲಿಯೇ ಆಹಾರ ಇಡುವುದು. ಡಿಡಿಟಿ ಎಂಬ ಕೀಟನಾಶಕದಿಂದ ಮೊಟ್ಟೆಯ ಕವಚ ತೆಳುವಾಗಿ ಅಮೆರಿಕದ ಪೂರ್ವಭಾಗದಿಂದ ಕಣ್ಮರೆಯಾಗಿದ್ದ ಪೆರೆಗ್ರಿನ್ ಡೇಗೆಯನ್ನು ಟಾಮ್ ಕೇಡ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಮರಳಿ ತಂದದ್ದು ಈ ವಿಧಾನದಿಂದಲೇ. 1999ರಲ್ಲಿ ಆ ಹಕ್ಕಿಯನ್ನು ಅಲ್ಲಿನ ಅಳಿವಿನಂಚಿನ ಪಟ್ಟಿಯಿಂದ ತೆಗೆಯಲಾಯಿತು.

ನಾವು ಆರಿಸಿದ್ದು ಕೆರೆಯೊಂದರ ಬಳಿಯ ತಾರಸಿ, ಸಂಜೆ ಹದ್ದುಗಳು ಗುಂಪಾಗಿ ತಂಗುವ ಮರಗಳು ಅಲ್ಲಿಂದ ಕಾಣುತ್ತಿದ್ದವು. ಹದ್ದು ಬೇರೆ ಹದ್ದುಗಳನ್ನು ನೋಡಿ ಆಹಾರದ ಜಾಗ ಕಲಿಯುತ್ತದೆ, ಒಂಟಿಯಾಗಿ ಕಾಡಿನ ಅಂಚಿನಲ್ಲಿ ಬಿಡುವುದು ಕೇಳಲು ಚೆನ್ನಾಗಿದ್ದರೂ ಈ ಹಕ್ಕಿಗೆ ಸರಿಯಲ್ಲ. ಮುಂಗಾರು ಹಿಡಿಯುವ ಮುನ್ನ, ಮೇ ಮಧ್ಯದ ಒಂದು ನಸುಕಿನಲ್ಲಿ ಮರೆಯಿಂದ ಹಗ್ಗ ಎಳೆದು ಬಾಗಿಲು ತೆರೆದೆವು. ಎರಡರ ಬಾಲದ ಗರಿಗೂ ಬೇರೆ ಬೇರೆ ಬಣ್ಣದ ಹಾನಿಯಿಲ್ಲದ ಗುರುತು ಹಚ್ಚಿದ್ದೆವು. ದೊಡ್ಡದು ಬಿಸಿಲೇರಿದ ಮೇಲೆ ಹೊರಟು, ಮೇಲಕ್ಕೇಳುವ ಬಿಸಿಗಾಳಿಯನ್ನು ಮೊದಲ ಯತ್ನದಲ್ಲಿಯೇ ಹಿಡಿದುಕೊಂಡಿತು. ಚಿಕ್ಕದು ಮರುದಿನದವರೆಗೂ ಕಟ್ಟೆಯ ಅಂಚು ಬಿಡಲಿಲ್ಲ. ಆಹಾರದ ತಟ್ಟೆಗೆ ಊರಿನ ಹದ್ದುಗಳೂ ಕಾಗೆಗಳೂ ಬರತೊಡಗಿದವು. ಅದು ತೊಂದರೆಯಲ್ಲ, ಕಿತ್ತಾಡಿ ತಿನ್ನುವುದನ್ನು ಮರಿಗಳು ಅಲ್ಲಿಯೇ ಕಲಿತವು. ದೊಡ್ಡದರ ಭೇಟಿ ದಿನದಿಂದ ದಿನಕ್ಕೆ ವಿರಳವಾಗಿ ಜೂನ್ ಆರಂಭದಲ್ಲಿ ನಿಂತಿತು. ಚಿಕ್ಕದು ಮೊದಲ ಮಳೆಗಳ ನಂತರವೂ ಬರುತ್ತಿತ್ತು. ಒಂದು ಮಧ್ಯಾಹ್ನ 300 ಮೀಟರ್ ಆಚೆ, ಮೀನು ಮಾರುವವರ ಬಳಿ, ಎಸೆದ ಕರುಳನ್ನು ಪಕ್ಕದಿಂದ ಬಂದು ಎತ್ತಿಕೊಂಡು ಹೋಗುವುದನ್ನು ಕಂಡ ಮೇಲೆ ತಟ್ಟೆಯಲ್ಲಿ ಇಡುವ ಪ್ರಮಾಣವನ್ನು ಇಳಿಸಿದೆವು. ಜೂನ್ ಮುಗಿಯುವ ಮುನ್ನ ಅದೂ ಬರುವುದನ್ನು ಬಿಟ್ಟಿತು.

ಎರಡೂ ಬದುಕಿ ಉಳಿದಿವೆಯೆಂದು ನಾನು ಹೇಳಲಾರೆ. ಬೇಟೆಹಕ್ಕಿಗಳಲ್ಲಿ ತಂದೆತಾಯಿಯೇ ಬೆಳೆಸಿದ ಮರಿಗಳಿಗೂ ಮೊದಲ ವರ್ಷವೇ ಎಲ್ಲಕ್ಕಿಂತ ಕಠಿಣ. ದಾಖಲೆಗಳನ್ನು ಇಲಾಖೆಗೆ ಒಪ್ಪಿಸಿದೆವು, ಆ ಮಳೆಮರದ ಸುತ್ತಲಿನ ಕೊಂಬೆಗಳಿಂದ ಉಳಿದ ಮಾಂಜಾವನ್ನು ಉದ್ದನೆಯ ಕೊಕ್ಕೆಗೋಲಿನಿಂದ ಇಳಿಸುವ ಕೆಲಸಕ್ಕೆ ಅಲ್ಲಿನ ನಿವಾಸಿಗಳೇ ಮುಂದೆ ಬಂದರು. ಮುಂದಿನ ಫೆಬ್ರವರಿಯಲ್ಲಿ ಬೇರೆ ಬೇರೆ ಗೂಡುಗಳಿಂದ ಬಂದ ಮೂರು ಮರಿಗಳನ್ನು, ವಯಸ್ಸಿನಲ್ಲಿ ವಾರದ ಅಂತರವೂ ಇಲ್ಲದಂತೆ ನೋಡಿಕೊಂಡು, ಅದೇ ಸಾಕುತಾಯಿಯ ಪಂಜರದ ಬಲೆಯಾಚೆ ಇರಿಸಿದೆವು. ಈ ಬಾರಿ ಅದು ಮೊದಲ ದಿನವೇ ಮಾಂಸ ಹಿಡಿದು ಬಲೆಯ ಬಳಿಗೆ ಬಂತು.